ಎರಡು ಸಲ ಕುಡಿದ ಹರಳೆಣ್ಣೆ

ಶಿರಹಟ್ಟಿಯ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ಹುಚ್ಚೀರಪ್ಪನವರ ಔಷಧಿ ಕೋಣೆಗೂ ನರ್ಸ್ ಅಲ್ಮಾಸಬಿಯ ವಾರ್ಡಿಗೂ ನಡುವೆ ಒಂದೇ ಗೋಡೆ. ಆದರೂ ಇಬ್ಬರಲ್ಲಿ ಮಾತು ನಿಂತು ವರ್ಷಗಳಾಗಿದ್ದವು. ಎಂದೋ ಒಮ್ಮೆ ಆಕೆ, "ನಿಮ್ಮ ಔಷಧ ಬರೇ ನೀರ ಆಗೈತ್ರಿ" ಎಂದಿದ್ದಳು. ಅಂದಿನಿಂದ ಆಕೆಗೆ ಏನು ಹೇಳಬೇಕಾದರೂ ಹುಚ್ಚೀರಪ್ಪನವರು ರೋಗಿಗಳ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು.

ಕಂಪೌಂಡರಿಕೆ ಕಲಿಯಲು ಬಂದವರಿಗೆ ಅವರು ಅರೆಯುವುದು, ಅಳೆಯುವುದು ಎಲ್ಲ ಕಲಿಸುತ್ತಿದ್ದರು. ಜೊತೆಗೆ ಇನ್ನೊಂದು ಪಾಠ: "ಡಾಕ್ಟರ್ ಹೇಳ್ತಾರ, ನಾವು ಕೊಡ್ತೀವಿ. ನಡುವ ನರ್ಸಬಾಯಿ ಕೂಡ ಏನ್ ಮಾತು?" ಮುಂಡರಗಿಯ ಹೇಮಪ್ಪ ಎಲ್ಲಕ್ಕಿಂತ ಚೆನ್ನಾಗಿ ಕಲಿತದ್ದು ಇದೊಂದನ್ನೇ.

ಕರ್ನಾಟಕ ಒಂದಾದ ಸಂಭ್ರಮದಲ್ಲಿ ಕರೆದವರ ಮನೆಯಲ್ಲೆಲ್ಲ ಹೋಳಿಗೆ ಉಂಡ ಹುಚ್ಚೀರಪ್ಪನವರಿಗೆ ಹೊಟ್ಟೆ ಕಟ್ಟಿತು. ತಮ್ಮದೇ ದವಾಖಾನೆಯಲ್ಲಿ ಮಲಗಬೇಕಾಯಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಹರಳೆಣ್ಣಿ ಕೊಡ್ರಿ" ಎಂದವರೇ ಲಕ್ಷ್ಮೇಶ್ವರಕ್ಕೆ ಹೊರಟುಹೋದರು. ಆ ಮಾತು ತನಗೇ ಎಂದುಕೊಂಡಳು ಅಲ್ಮಾಸಬಿ. ಹೇಮಪ್ಪನೂ ತನಗೇ ಎಂದುಕೊಂಡ.

ಕಂಪೌಂಡರಿಗೆ ಹರಳೆಣ್ಣೆ ಕಂಡರಾಗದೆಂದು ಗೊತ್ತಿದ್ದ ಆಕೆ ಅದನ್ನು ಬಿಸಿ ಚಹಾದಲ್ಲಿ ಬೆರೆಸಿ ಕೊಟ್ಟಳು. "ಈಕಿಗೆ ಚಹಾ ಮಾಡಾಕೂ ಬರೂದಿಲ್ಲ" ಎಂದು ಗೊಣಗುತ್ತ ಅವರು ಕುಡಿದರು. ತುಸು ಹೊತ್ತಿಗೆ ಹೇಮಪ್ಪ ಹರಳೆಣ್ಣೆಯ ಬಟ್ಟಲು ಹಿಡಿದು ಬಂದ. ಶಿಷ್ಯನೆದುರು ಮಾನ ಹೋಗಬಾರದೆಂದು ಮೂಗು ಹಿಡಿದು ಅದನ್ನೂ ಇಳಿಸಿದರು.

ಮಧ್ಯಾಹ್ನದಿಂದ ಅವರ ಕೈಯ ತಂಬಿಗೆ ನೆಲಕ್ಕಿಳಿಯಲಿಲ್ಲ. ಹೆದರಿದ ಹೇಮಪ್ಪ ಗುರುವಿನ ಪಾಠ ಮರೆತು ವಾರ್ಡಿಗೆ ಓಡಿದ.

"ಬಾಯಾರ, ನೀವೂ ಹರಳೆಣ್ಣಿ ಕೊಟ್ಟೀರೇನ್ರಿ?"

"ಚಹಾದಾಗ ಹಾಕಿ ಕೊಟ್ಟೀನಿ. ಯಾಕ, ನೀನೂ ಕೊಟ್ಟಿಯೇನು?"

ಬಂದ ನಗುವನ್ನು ಇಬ್ಬರೂ ನುಂಗಿಕೊಂಡರು. ಉಪ್ಪು, ಸಕ್ಕರೆ, ನಿಂಬೆಹಣ್ಣಿನ ಪಾನಕ ಮಾಡಿ ಸರದಿಯ ಮೇಲೆ ಕುಡಿಸಿದರು.

"ಒಂದ ಮಾತ ಆಕಿನ್ನ ಕೇಳಬಾರದಿತ್ತೇನಲೇ?" ಎಂದು ನರಳಿದರು, ಚಹಾದ ಗುಟ್ಟು ತಿಳಿದ ಹುಚ್ಚೀರಪ್ಪ.

"ಮಾತಾಡಬ್ಯಾಡ ಅಂದಾವ್ರು ನೀವ ಅಲ್ಲೇನ್ರಿ?"

ಅವರು ತಂಬಿಗೆ ಹಿಡಿದು ಮತ್ತೆ ಎದ್ದರು.

ಕಾಲಲ್ಲಿ ಬಲ ಬಂದ ಮೇಲೆ ಶಿಷ್ಯರನ್ನೆಲ್ಲ ಕರೆದುಕೊಂಡು ತಾವೇ ವಾರ್ಡಿನ ಬಾಗಿಲಿಗೆ ಹೋದರು. "ಬಾಯಾರ, ಇವ್ರು ದಿನಾ ಮುಂಜಾನಿ ನಿಮ್ಮ ಕೂಡ ಅಡ್ಡಾಡ್ಲಿ. ಯಾರಿಗೆ ಏನ್ ಕೊಟ್ಟೀರಿ, ಏನ್ ಕೊಡೋದೈತಿ, ಕೇಳಿ ಕಲೀಲಿ" ಎಂದರು, ಗೋಡೆಯ ಕಡೆ ನೋಡುತ್ತ.

"ಆತ್ರಿ. ನೀವೂ ಬರ್ರಿ," ಎಂದಳು ಅಲ್ಮಾಸಬಿ.

ಬಂದರು. ಮೊದಮೊದಲು ಎಲ್ಲರ ಹಿಂದೆ ನಿಂತರು. ಆಮೇಲೆ ಆಕೆಗಿಂತ ಹೆಚ್ಚು ಮಾತಾಡತೊಡಗಿದರು.

ಮುಂದೆ ಹೇಮಪ್ಪನಿಗೆ ಗದಗಿನಲ್ಲಿ ಕೆಲಸ ಸಿಕ್ಕಿತು. ಹೋದ ದಿನವೇ, ಕೂಡ್ರುವ ಮೊದಲೇ, "ನರ್ಸಬಾಯಾರು ಎಲ್ಲಿ ಅದಾರ್ರಿ?" ಎಂದು ಕೇಳಿದನಂತೆ. ಅಲ್ಲಿದ್ದವರು ಅದಕ್ಕೆ ಬೇರೆಯೇ ಅರ್ಥ ಹಚ್ಚಿ, "ಭಾಳ ಅವಸರ ಐತಿ ಈ ಮನಷ್ಯಾಗ" ಎಂದು ನಕ್ಕರಂತೆ.