ನಲವತ್ತು ಸೆಂಟಿಮೀಟರಿನ ಸಾಲು

ನಮ್ಮ ಕಚೇರಿಯಲ್ಲಿ ಅವಳನ್ನು ಪಾದರಸ ಅಂತಲೇ ಕರೆಯುವುದು. ಎದುರಿಗೇ ಕರೆಯುತ್ತೇವೆ, ಅವಳಿಗೇನೂ ಬೇಜಾರಿಲ್ಲ. ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಹೆಚ್ಚು. ಎದ್ದು ಕಿಟಕಿಯಲ್ಲಿ ಸಮುದ್ರ ನೋಡುತ್ತಾಳೆ, ಬಂದು ಎರಡು ಸಾಲು ಟೈಪ್ ಮಾಡುತ್ತಾಳೆ, ಮತ್ತೆ ಏಳುತ್ತಾಳೆ. "ತಟ್ಟೆ ಮುಂದೆ ಕೂತು ಪೂರ್ತಿ ಉಂಡಿದ್ದನ್ನ ನಾನು ನೋಡೇ ಇಲ್ಲ. ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾಳೆ ನಮ್ಮ ಸೊಸೆ" ಅಂತ ಅವಳ ಅತ್ತೆ ಒಮ್ಮೆ ನನ್ನ ಹತ್ತಿರ ದೂರಿದ್ದರು. ಅದೇ ಕೋಣೆಯಲ್ಲಿ ನಕ್ಷೆ ಬರೆಯುವವನು ನಾನು. ನನಗೋ ಮೂಗಿನ ತುದಿಯಲ್ಲೇ ಕೋಪ.

ಕಡಲ ತಡೆಗೋಡೆ ಎಷ್ಟು ಎತ್ತರ ಬೇಕು ಅಂತ ಲೆಕ್ಕ ಹಾಕುವ ಹಳೇ ಪ್ರೋಗ್ರಾಂ ಒಂದು ನಮ್ಮಲ್ಲಿತ್ತು. ಬರೆದವರು ನಮ್ಮ ದೊಡ್ಡ ಎಂಜಿನಿಯರು. ನಿವೃತ್ತರಾಗಿ ಹತ್ತು ವರ್ಷವಾಗಿತ್ತು, ಹೋದ ವರ್ಷ ತೀರಿಕೊಂಡರು. ಆರು ಸಾವಿರ ಸಾಲು. ಯಾವ ಸಾಲು ಯಾಕೆ ಅಂತ ಒಂದಕ್ಷರ ವಿವರಣೆ ಇಲ್ಲ. ಅದು ಓಡುವ ಕಂಪ್ಯೂಟರಂತೂ ಈಗಲೋ ಆಗಲೋ ಅನ್ನುವ ಸ್ಥಿತಿಯಲ್ಲಿತ್ತು. ಎಲ್ಲವನ್ನೂ ಹೊಸದಾಗಿ ಬರೆಯುವ ಕೆಲಸ ಪಾದರಸಳ ತಲೆಗೆ ಬಿತ್ತು. ಎಂಟು ತಿಂಗಳು ಕತ್ತೆ ಹಾಗೆ ದುಡಿದಳು.

ಒಂದು ಗುರುವಾರ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಅಣ್ಣಾ, ಹಳೇದರಲ್ಲಿ ಒಂದು ಸಾಲಿದೆ. ಒಂದು ತಾರೀಖಿನಿಂದ ಈಚೆಗೆ ಬರೆದ ನೀರಿನ ಮಟ್ಟಕ್ಕೆಲ್ಲ ನಲವತ್ತು ಸೆಂಟಿಮೀಟರ್ ಕೂಡಿಸುತ್ತೆ. ಹಿಂದಿಲ್ಲ ಮುಂದಿಲ್ಲ. ತಪ್ಪು ಅಂದ್ಕೊಂಡು ಬಿಟ್ಟುಬಿಟ್ಟೆ. ಈಗ ಮೀನುಗಾರರ ಬೀದಿ ಮುಂದಿನ ಗೋಡೆ ಅಷ್ಟು ಗಿಡ್ಡ ಬರ್ತಿದೆ."

"ಈಗಿನ ಸಾಹೇಬರು ಏನಂದ್ರು?"

"ಮುದುಕರು ಎಡವಿದಾರೆ, ಬಿಡು ಅಂದ್ರು. ಸೋಮವಾರ ಎತ್ತರಕ್ಕೆ ಸಹಿ ಬೀಳುತ್ತೆ. ನಂಗೆ ಸಮಾಧಾನ ಇಲ್ಲ. ಅಂಥೋರು ಸುಮ್‌ಸುಮ್ನೆ ಒಂದು ಚುಕ್ಕಿನಾದ್ರೂ ಇಡ್ತಾರಾ?" ಅಂದು ತಾರೀಖು ಹೇಳಿದಳು. "ಆವತ್ತು ಬಂದರಲ್ಲಿ ಏನಾದ್ರೂ ಆಗಿತ್ತಾ?"

"ಮೂವತ್ತು ವರ್ಷದ ಹಿಂದಿನ ಮಾತು! ಯಾರಿಗಮ್ಮ ನೆನಪಿರುತ್ತೆ? ಹೋಗು, ಕೆಲಸ ನೋಡು" ಅಂತ ರೇಗಿದೆ.

ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ನೀರಿನ ಮಟ್ಟ ಓದಲು ಬಂದರಿನ ಮೆಟ್ಟಿಲಿನ ಮೇಲೆ ಅಂಕಿ ಬರೆದ ಉದ್ದನೆಯ ಹಲಗೆ ನಿಲ್ಲಿಸಿದ್ದಾರೆ. ಕಾವಲುಗಾರ ದಿನಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಆ ವಾರ ದೋಣಿಯೊಂದು ಗುದ್ದಿ ಹಲಗೆ ಬಿದ್ದಿತ್ತು. ಇದ್ದ ಜಾಗದಲ್ಲೇ ನಿಲ್ಲಿಸಿ ಬಾ ಅಂತ ದೊಡ್ಡ ಎಂಜಿನಿಯರು ನನ್ನನ್ನು ಕಳಿಸಿದರು. ನಾನಾಗ ಹೊಸಬ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೋಗಿ ನೋಡಿದರೆ ಕೆಳಗಿನ ಮೆಟ್ಟಿಲು ಪುಡಿಯಾಗಿತ್ತು. ಎರಡು ಮೆಟ್ಟಿಲು ಮೇಲೆ ನಿಲ್ಲಿಸಿ ಮೊಳೆ ಹೊಡೆದು ಬಂದೆ. ಅಷ್ಟಕ್ಕೇ ಆಕಾಶ ಕಳಚಿ ಬೀಳುತ್ತದೆಯೇ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಪುಸ್ತಕದಲ್ಲಿ ಸಮುದ್ರ ಇರುವುದಕ್ಕಿಂತ ಎರಡು ಮೆಟ್ಟಿಲು, ಅಂದರೆ ನಲವತ್ತು ಸೆಂಟಿಮೀಟರ್, ಕೆಳಗಿದೆ.

ನನ್ನ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಈಗ ಬಾಯಿಬಿಟ್ಟರೆ ವಿಚಾರಣೆ, ನೋಟಿಸು, ಮರ್ಯಾದೆ ಮೂರು ಕಾಸು. ಶುಕ್ರವಾರವಿಡೀ ಪಾದರಸ ಹಳೇ ಕಡತಗಳನ್ನು ಕೆದಕಿದಳು. ಶನಿವಾರ ಕಾವಲುಗಾರನ ಜೀವ ತಿಂದಳು. ಭಾನುವಾರ ಗಂಡನನ್ನೂ ಮಗಳನ್ನೂ ಸುತ್ತಾಡಲು ಕರೆದುಕೊಂಡು ಹೋಗುವ ನೆಪದಲ್ಲಿ ಬಂದರಿಗೇ ಹೋಗಿದ್ದಳಂತೆ. ಹಲಗೆ ನೆಟ್ಟಗೆ ನಿಂತಿದೆ, ಅವಳಿಗೆ ಏನು ತಿಳಿಯಬೇಕು? ನಾನು ಮನೆಯಲ್ಲಿ ಹೆಂಡತಿಯ ಮೇಲೆ ಎಗರಾಡಿದೆ, ಪಾಪ, ಅವಳದೇನೂ ತಪ್ಪಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಾಗದ ಅವಳ ಮುಂದಿತ್ತು. "ಕಾರಣ ಸಿಗಲಿಲ್ಲ ಅಣ್ಣಾ" ಅಂದು ಪೆನ್ನು ತೆಗೆದಳು. ಕಣ್ಣು ಕೆಂಪಾಗಿತ್ತು. ಮೀನುಗಾರರ ಬೀದಿಯ ಮನೆಗಳ ನಕ್ಷೆ ಬರೆದವನೂ ನಾನೇ. ಮುನ್ನೂರ ಹನ್ನೆರಡು ಮನೆ, ಒಂದು ಶಾಲೆ.

"ಸಹಿ ಹಾಕಬೇಡಮ್ಮ" ಅಂದೆ. ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕಾಗದವನ್ನು ಮಡಚಿಟ್ಟು, "ಹಾಗಾದ್ರೆ ದೊಡ್ಡ ಎಂಜಿನಿಯರಿಗೆ ಗೊತ್ತಾಗಿತ್ತು. ಪುಸ್ತಕ ತಿದ್ದಬೇಕಂದ್ರೆ ಯಾರಿಂದ ತಪ್ಪಾಯ್ತು ಅಂತ ಬರೀಬೇಕಿತ್ತು. ನಿಮ್ಮ ಕೆಲಸ ಹೋಗ್ತಿತ್ತು ಅಣ್ಣಾ. ಅದಕ್ಕೇ ಆ ನಲವತ್ತನ್ನ ಪ್ರೋಗ್ರಾಮಿನ ಈ ಸಾಲಲ್ಲಿ ಬಚ್ಚಿಟ್ಟಿದಾರೆ" ಅಂದಳು.

ಇದು ನನಗೆ ಹೊಳೆದೇ ಇರಲಿಲ್ಲ. ಇಪ್ಪತ್ತು ವರ್ಷ ಎದುರುಬದುರು ಕೂತು ಊಟ ಮಾಡಿದವರು ನಾವು. ಒಂದು ದಿನವೂ ಅವರು ಎತ್ತಿ ಆಡಲಿಲ್ಲ. ನಾನೋ ಅವರನ್ನು ಮಹಾ ಜಿಪುಣ, ವಿವರಣೆ ಬರೆಯೋಕೂ ಜಿಪುಣ ಅಂತ ಊರೆಲ್ಲ ಆಡಿಕೊಂಡು ನಕ್ಕವನು.

ಅವಳು ಆ ಸಾಲನ್ನು ಹೊಸ ಪ್ರೋಗ್ರಾಮಿಗೆ ಸೇರಿಸಿ, ಪಕ್ಕದಲ್ಲಿ ಕಾರಣ ಬರೆಯತೊಡಗಿದಳು. ಹಲಗೆ, ಮೆಟ್ಟಿಲು, ತಾರೀಖು. ಆಮೇಲೆ ಕೈ ನಿಲ್ಲಿಸಿ, "ಯಾರು ಅಂತ ಬರೀಲಿ ಅಣ್ಣಾ? ಬೇಡ ಅಂದ್ರೆ ಬಿಡ್ತೀನಿ" ಅಂದಳು.

"ನನ್ನ ಹೆಸರೇ ಬರಿ. ಪೂರ್ತಿ ಬರಿ" ಅಂದೆ. "ಅದರ ಕೆಳಗೆ, ಕಾಪಾಡಿದವರು ಅಂತ ಅವರದ್ದೂ ಬರಿಯಮ್ಮ."