ತುಂಗಜ್ಜಿಯ ಫೋಟೊ ಮತ್ತು ಹನ್ನೆರಡು ಇಂಚಿನ ಲೆನ್ಸು

ಕ್ಯಾಮೆರಾ ಬಿಚ್ಚಿದೊಡನೆ ಮೊದಲು ಬಂದದ್ದು ಹಳೆಯ ಚರ್ಮದ ವಾಸನೆ, ಅದರೊಳಗೆ ನುಸಿಗುಳಿಗೆಯದು, ಅದರ ಹಿಂದೆಲ್ಲೋ ಒಂದಿಷ್ಟು ಕರ್ಪೂರ. ಅಪ್ಪ ಹೋಗಿ ಮೂರು ವರ್ಷವಾದರೂ ಅದನ್ನು ಮಂಚದ ಕೆಳಗಿನಿಂದ ಎಳೆದಿರಲಿಲ್ಲ. ಈಗ ಕಾಶಿಯ ಲಂಕಾ ಬಡಾವಣೆಯ ಚಿತ್ರಕಲೆಯ ಮೇಷ್ಟ್ರೊಬ್ಬರು ಕೊಳ್ಳುತ್ತೇನೆ ಎಂದಿದ್ದಾರೆ. ಬೆಲ್ಲೋಸ್ ಎಷ್ಟು ಉದ್ದ ಎಳೆಯಬಹುದು, ದೂರದ ಲೆನ್ಸ್ ಯಾವುದು ಕೂರುತ್ತದೆ ಎಂದು ಫೋನಿನಲ್ಲಿ ಕೇಳಿದರು. ನೀವು ಇಂಥ ಕ್ಯಾಮೆರಾ ನೋಡಿರಲಿಕ್ಕಿಲ್ಲ: ಮುಂದೆ ಲೆನ್ಸು, ಹಿಂದೆ ಮಸುಕು ಗಾಜು, ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಚರ್ಮ. ಆ ಚರ್ಮವೇ ಬೆಲ್ಲೋಸ್. ಅದನ್ನು ಅಳೆಯಬೇಕಾದ ಅಗತ್ಯ ನನಗಿರಲಿಲ್ಲ. ಹನ್ನೆರಡು ಇಂಚು, ಮೇಲೊಂದು ಕೂದಲೆಳೆ. ಈ ಅಳತೆಯನ್ನು ಮರೆತಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ದಣಿವು ನನಗೆ ಬಂದಿದೆ.

ಆಗ ನಾವು ಕಾಶಿಯ ಭೇಲೂಪುರದಲ್ಲಿ ಮೇಲಂತಸ್ತಿನ ಎರಡು ಕೋಣೆಗಳಲ್ಲಿದ್ದೆವು. ಅಪ್ಪ ರೈಲ್ವೆಯಲ್ಲಿ ನಕ್ಷೆ ಬರೆಯುವವ, ಹುಬ್ಬಳ್ಳಿಯಿಂದ ವರ್ಗವಾಗಿ ಬಂದವ. ಪಕ್ಕದ ಸಣ್ಣ ಕೋಣೆಯಲ್ಲಿ ತುಂಗಜ್ಜಿ. ಗದಗಿನ ಕಡೆಯ ಹಳ್ಳಿಯವಳು, ಗಂಡ ತೀರಿದ ಮೇಲೆ ಇಲ್ಲಿಯೇ ಸಾಯುತ್ತೇನೆಂದು ಬಂದವಳು. ನಮಗೆ ರಕ್ತಸಂಬಂಧವೇನೂ ಇರಲಿಲ್ಲ, ಆದರೆ ನಾನು ಕಣ್ಣು ಬಿಡುವುದು ಅವಳು ರೊಟ್ಟಿ ಬಡಿಯುವ ಸದ್ದಿಗೆ. ಬಿಸಿ ರೊಟ್ಟಿಯ ಮೇಲೆ ಎಣ್ಣೆ, ಖಾರಪುಡಿ ಸವರಿ ಕೊಡುತ್ತಿದ್ದಳು. ನಾನು ಹಿಂದಿಯಲ್ಲಿ ಮತ್ತೊಂದು ಕೇಳಿದರೆ, "ನಮ್ಮ ಮಾತಿನ್ಯಾಗ ಕೇಳಿದ್ರ ಕೊಡ್ತೀನಿ" ಎಂದು ಬುಟ್ಟಿ ಮುಚ್ಚಿಡುತ್ತಿದ್ದಳು. ಕಾಶಿಯ ಎಲ್ಲೆ ದಾಟುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಗಂಗೆಯ ಆಚೆ ದಂಡೆಯಲ್ಲಿ ಸತ್ತರೆ ಕತ್ತೆಯಾಗಿ ಹುಟ್ಟುತ್ತಾರಂತೆ. ಆ ಹೆದರಿಕೆಗೆ ಅಸ್ಸಿ ಘಾಟಿನಲ್ಲಿ ಕಟ್ಟಿಹಾಕಿದ ದೋಣಿಯಲ್ಲೂ ಕೂರುತ್ತಿರಲಿಲ್ಲ. ಅವಳಿಗೆ ಇದ್ದದ್ದು ಒಬ್ಬಳೇ ಮಗಳು, ಶಾಂತಕ್ಕ. ತಾಯಿ ಊರು ಬಿಟ್ಟದ್ದಕ್ಕೆ ಮುನಿಸಿಕೊಂಡು ಏಳೆಂಟು ವರ್ಷ ಮುಖ ತೋರಿಸಿರಲಿಲ್ಲ. ಅಜ್ಜಿ ಅಪ್ಪನನ್ನು ಕೇಳಿದ್ದು ಇಷ್ಟೇ: "ಒಂದ್ ಫೋಟೊ ತಗದ್ ಕೊಡಪಾ. ನಾ ಹೋದ ಮ್ಯಾಲೆ ಆಕಿಗೆ ನನ್ನ ಮಾರಿ ಮರತ್ ಹೋಗಬಾರ್ದು." ಅವಳ ಒಂದೇ ಒಂದು ಚಿತ್ರವೂ ಜಗತ್ತಿನಲ್ಲಿ ಇರಲಿಲ್ಲ.

ಕ್ಯಾಮೆರಾದ ಜೊತೆಗೆ ಬಂದ ಗಿಡ್ಡ ಲೆನ್ಸ್ ಇತ್ತು. ಅದರಲ್ಲೇ ಅವತ್ತೇ ತೆಗೆಯಬಹುದಿತ್ತು. ಅಪ್ಪ ಒಪ್ಪಲಿಲ್ಲ. ಅದನ್ನು ಹಿಡಿದು ಹತ್ತಿರ ಹೋದರೆ ಮೂಗು ಊದಿದ ಹಾಗೆ ಬೀಳುತ್ತದೆ, ಮುಖಕ್ಕೆ ಉದ್ದದ ಲೆನ್ಸೇ ಬೇಕು ಎಂದ. "ದೊಡ್ಡ ಮೂಗಿದ್ರ ಇರ್ಲಿ ಬಿಡೋ, ನನಗೇನ್ ವರಾ ನೋಡೂದೈತಿ?" ಎಂದು ಅಜ್ಜಿ ನಕ್ಕಳು. ನಕ್ಷೆಯವನಿಗೆ ಅದು ರುಚಿಸಲಿಲ್ಲ. ಆರು ತಿಂಗಳು ಮೀನಮೇಷ ಎಣಿಸಿದ. ಉದ್ದದ ಲೆನ್ಸಿನಲ್ಲಿ ಎರಡು ಜಾತಿ. ಒಂದು ಟೆಲಿ, ಅದಕ್ಕೆ ಗಿಡ್ಡ ಬೆಲ್ಲೋಸೇ ಸಾಕು, ಆದರೆ ಒನಕೆಯ ಭಾರ. ನಮ್ಮ ಮರದ ಚೌಕಟ್ಟು ಅದನ್ನು ಹೊರಲಾರದೆ ತಲೆ ಬಾಗಿಸುತ್ತಿತ್ತು. ಇನ್ನೊಂದು ಸಾದಾ, ಹಗುರ, ಆದರೆ ಲೆನ್ಸ್ ಎಷ್ಟು ಇಂಚಿನದೋ ಬೆಲ್ಲೋಸೂ ಅಷ್ಟು ಇಂಚು ಬೇಕು. ಅಳೆದೂ ಸುರಿದೂ ಅಪ್ಪ ಹನ್ನೆರಡು ಇಂಚಿನ ಸಾದಾ ಲೆನ್ಸನ್ನೇ ತರಿಸಿದ. ಮಾಳಿಗೆ ಹತ್ತಿ ದೂರದ ಗುಡಿಯ ಶಿಖರಕ್ಕೆ ಹಿಡಿದರೆ, ಅದರ ಮೇಲೆ ಕೂತ ಕೋತಿಯ ಬಾಲವೂ ಗಾಜಿನ ಮೇಲೆ ಸ್ಪಷ್ಟ. ಅವತ್ತು ಅಮ್ಮ ಶಿರಾ ಮಾಡಿದಳು.

ಮರುದಿನ ಬೆಳಿಗ್ಗೆ ಅಜ್ಜಿ ಮಿಂದು, ಇದ್ದ ಒಂದೇ ಇಳಕಲ್ ಸೀರೆ ಉಟ್ಟು, ಮಾಳಿಗೆಯ ಮೇಲೆ ಆರಡಿ ದೂರದಲ್ಲಿ ಕೂತಳು. ಅಪ್ಪ ಕರಿ ಬಟ್ಟೆಯೊಳಗೆ ತಲೆ ಹಾಕಿದ. ಬೆಲ್ಲೋಸನ್ನು ಕೊನೆಯ ಮಡಿಕೆಯವರೆಗೂ ಎಳೆದ. ಗಾಜಿನ ಮೇಲೆ ಬರೀ ಮಂಜು. ದೂರದ್ದಕ್ಕೆ ಹನ್ನೆರಡು ಇಂಚು ಸಾಕು, ಹತ್ತಿರದ್ದಕ್ಕೆ ಲೆನ್ಸನ್ನು ಇನ್ನೂ ಮುಂದೆ ಎಳೆಯಬೇಕು. ಎಳೆಯಲು ಚರ್ಮ ಉಳಿದಿರಲಿಲ್ಲ. ಕಾಗದದ ಮೇಲೆ ಕೂದಲು ಸೀಳುವವನಿಗೆ ಈ ಸಣ್ಣ ಸಂಗತಿ ಹೇಗೆ ತಪ್ಪಿತೋ. ಉಳಿದದ್ದು ಒಂದೇ ದಾರಿ, ಅಜ್ಜಿಯೇ ದೂರ ಹೋಗಬೇಕು. "ಇನ್ನೊಂದೀಟ್ ಹಿಂದ, ಇನ್ನೊಂದೀಟ್" ಎನ್ನುತ್ತ ಅಪ್ಪ ಕೈ ಬೀಸಿದ. ನಮ್ಮ ಮಾಳಿಗೆ ಮುಗಿಯಿತು. ನಾನು ಅಜ್ಜಿಯ ಕೈ ಹಿಡಿದು ಮೋಟುಗೋಡೆ ದಾಟಿಸಿ ಪಕ್ಕದ ಮನೆಯ ಮಾಳಿಗೆಗೆ ಒಯ್ದೆ. ಹಪ್ಪಳ ಒಣಹಾಕುತ್ತಿದ್ದ ಆ ಮನೆಯ ಚಾಚಿ, "ಅರೇ, ಕಹಾಂ ಲೇ ಜಾತ ಹಊ ಅಮ್ಮಾ ಕೇ?" ಎಂದು ಗದರಿದಳು. ಎಲ್ಲಿಗೆ ಒಯ್ಯುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಮೂರನೆಯ ಮಾಳಿಗೆಯ ಅಂಚು ಮುಟ್ಟಿದಾಗ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ಇನ್ನೆಷ್ಟ್ ದೂರ ಹೋಗ್ಲೋ ಮಾರಾಯಾ? ಕಾಶಿ ದಾಟಸ್ತೀಯೇನ್ ನನ್ನ?" ಅಲ್ಲಿ ಅವಳು ಸ್ಪಷ್ಟವಾದಳಂತೆ. ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ನಿಂತಳು, ಅಪ್ಪ ಒಂದು ಫೋಟೊ ತೆಗೆದ. ದೊಡ್ಡದು ಮಾಡುವ ಯಂತ್ರ ನಮ್ಮಲ್ಲಿರಲಿಲ್ಲ, ಫಿಲ್ಮಿನಷ್ಟೇ ಚಿತ್ರ. ಅಂಗೈಯಗಲದ ಆ ಕಾಗದದಲ್ಲಿ ಅಜ್ಜಿ ಹೆಬ್ಬೆರಳಿನ ಗೆಣ್ಣಿನಷ್ಟು, ಅವಳ ಮುಖ ಒಂದು ತೊಗರಿಬೇಳೆಯಷ್ಟು.

ಲೆನ್ಸಿನ ಹಿಂದೆ ಕೂರಿಸಲು ಮರದ ಡಬ್ಬಿಯೊಂದನ್ನು ಮಾಡಿಸಿದರೆ ಬೆಲ್ಲೋಸಿನ ಕೊರತೆ ತುಂಬುತ್ತದೆ ಎಂದು ಅಪ್ಪ ಲೆಕ್ಕ ಹಾಕಿದ. ಲಂಕಾದ ಬಡಗಿಗೆ ಹೇಳಿದ. ಬಡಗಿ ಮದುವೆಗೆಂದು ಊರಿಗೆ ಹೋದ. ಗಿಡ್ಡ ಲೆನ್ಸ್ ಅಲ್ಲೇ ಕಪಾಟಿನಲ್ಲಿತ್ತು. ಅಮ್ಮ ಎರಡು ಸಲ ನೆನಪಿಸಿದಳು, ಅಪ್ಪ ಎರಡು ಸಲವೂ "ಡಬ್ಬಿ ಬರ್ಲಿ" ಎಂದ. ಅಜ್ಜಿ ಅದಕ್ಕೂ ಕಾದಳು. ಕಾಯುತ್ತಲೇ ಜ್ವರ ಬಂದು ಐದು ದಿನಕ್ಕೆ ಹೋದಳು, ಎಲ್ಲೆ ದಾಟದೆ. ಡಬ್ಬಿ ಬಂದದ್ದು ಅದರ ಮುಂದಿನ ವಾರ, ಚೆನ್ನಾಗಿಯೇ ಕೂತಿತು. ಅಪ್ಪ ಒಳ್ಳೆಯವ, ಅವಳನ್ನು ಹೆಗಲ ಮೇಲೆ ಹೊತ್ತು ಗಂಗೆಗೆ ಒಯ್ದವನೂ ಅವನೇ. ಆದರೂ ಆ ಆರು ತಿಂಗಳು ನೆನಪಾದಾಗ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಮಾಡಲು ಅವನೂ ಇಲ್ಲವಲ್ಲ ಎಂದು ಅಳು ಬರುತ್ತದೆ.

ಹದಿಮೂರನೆಯ ದಿನಕ್ಕೆ ಶಾಂತಕ್ಕ ಬಂದಳು. ಎರಡು ರಾತ್ರಿ ರೈಲಿನಲ್ಲಿ ಕೂತು ಬಂದ ಹೆಂಗಸು, ಮೊಣಕಾಲು ಊದಿಕೊಂಡಿತ್ತು. ನೀರೂ ಕುಡಿಯದೆ, "ಅವ್ವಂದೊಂದ್ ಫೋಟೊ ತಗದೀರಂತಲ್ರಿ" ಎಂದಳು. ಅಪ್ಪ ಕಪಾಟಿನಿಂದ ತಂದು ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ನೀರಿನ ಟಾಕಿ, ಒಣಹಾಕಿದ ಸೀರೆ, ಗೋಡೆಯ ಇಟ್ಟಿಗೆ, ಎಲ್ಲ ಎಣಿಸುವಷ್ಟು ಸ್ಪಷ್ಟ. ಅವಳು ಕಣ್ಣು ಕಿರಿದು ಮಾಡಿದಳು, ಕಾಗದವನ್ನು ಮೂಗಿನ ತನಕ ತಂದಳು, ದೂರ ಹಿಡಿದಳು. "ಸೀರಿ ಅವ್ವಂದ ಖರೆ" ಎಂದಳು. "ಮಾರಿ ಎಲ್ಲೈತ್ರಿ?"

ಅಪ್ಪ ಹತ್ತಿರ ಹೋಗಿ, ಇಲ್ಲಿ ಎಂದು ಬೆರಳಿಟ್ಟು ತೋರಿಸಿದ. ಆ ಬೆರಳಿನಡಿಯಲ್ಲಿ ಅಜ್ಜಿ ಮುಚ್ಚಿಹೋದಳು. ಬೆರಳು ತೆಗೆಯಲು ಅಪ್ಪನಿಗೆ ಧೈರ್ಯವಾಗಲಿಲ್ಲ.