ಟೀವಿಯ ಮೇಲೊಂದು ಚುಕ್ಕೆ

ಬರೆದದ್ದನ್ನು ತಿದ್ದುವುದು ಕೇಶವಮೂರ್ತಿಯ ಜಾಯಮಾನದಲ್ಲೇ ಇರಲಿಲ್ಲ. ಪರೇಲಿನ ಆಫೀಸಿನಲ್ಲಿ ಮೇಲಧಿಕಾರಿ ಒಂದು ಅಲ್ಪವಿರಾಮ ಬದಲಿಸಿದರೂ ವಾದಕ್ಕೆ ನಿಲ್ಲುತ್ತಿದ್ದ. ಅಂಥವನು ಎಂಬತ್ತಾರನೇ ಇಸವಿಯಲ್ಲಿ ಬೊರಿವಲಿಯ ಮನೆಗೆ ಪುಟ್ಟ ಕಂಪ್ಯೂಟರೊಂದನ್ನು ತಂದ. ಅದಕ್ಕೆ ತನ್ನದೇ ಪರದೆಯಿರಲಿಲ್ಲ. ಬ್ಲ್ಯಾಕ್ ಅಂಡ್ ವೈಟ್ ಟೀವಿಯ ಆಂಟೆನಾ ವೈರು ಕಿತ್ತು, ಅಲ್ಲಿಗೇ ಇದರ ವೈರು ಸಿಕ್ಕಿಸಬೇಕಿತ್ತು.

ಆಯುಧಪೂಜೆ ಕಳೆದ ಭಾನುವಾರ ಬಿಲ್ಡಿಂಗಿನ ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಅದರಲ್ಲಿ ಪ್ರೋಗ್ರಾಂ ಬರೆದು ಲೆಕ್ಕ ಹಾಕಿದ. ಹನ್ನೆರಡು ಸಾವಿರ ಲೀಟರು ಬರಬೇಕಾದಲ್ಲಿ, ಅಂಕಿಗಳ ನಡುವೆ ದಶಮಾಂಶದ ಚುಕ್ಕೆ ಬಿದ್ದು, ಬರೀ ಹನ್ನೆರಡು ಬಂತು. ವೈರು ಅಲುಗಾಡಿಸಿದ, ಚಾನೆಲ್ ತಿರುಗಿಸಿದ, ಮಾರಿದ ಅಂಗಡಿಯವನನ್ನು ಬೈದ. ಚುಕ್ಕೆ ಜಪ್ಪಯ್ಯ ಅನ್ನಲಿಲ್ಲ. ಸಂಜೆಯ ಸಿನಿಮಾಕ್ಕೆ ಬಂದ ಪಕ್ಕದ ಮನೆಯವರು ಚಾಪೆ ಹಾಸಿ ಕೂತು, "ಮೂರ್ತಿ ಸಾಬ್, ಪಿಕ್ಚರ್?" ಎಂದರು.

"ಪ್ರೋಗ್ರಾಂ ಸರಿಯಾಗೇ ಬರ್ದಿದೀನಿ! ಈ ಚುಕ್ಕೆ ಎಲ್ಲಿಂದ ವಕ್ಕರಿಸ್ತು?" ಎಂದು ಅವನು ಕೂಗಾಡಿದ.

ತಾಯಿ ಪುಟ್ಟಲಕ್ಷ್ಮಿ ಅಡುಗೆಮನೆಯಿಂದ ಇಣುಕಿದರು. "ಹಬ್ಬದ ದಿನ ಟೀವಿಗೆ ನಾನಿಟ್ಟ ಕುಂಕುಮ ಕಣೋ ಅದು. ಒರಸಿಗಿರಸೀಯೆ!"

ಲೋಕಲ್ ರೈಲಿನಲ್ಲಿ ಪೇಪರ್ ಓದಲು ಮಾತ್ರ ಹಾಕುತ್ತಿದ್ದ ಕನ್ನಡಕ ಏರಿಸಿ ಕೇಶವಮೂರ್ತಿ ಬಗ್ಗಿ ನೋಡಿದ. ಗಾಜಿನ ಮೇಲೆ ಒಣಗಿ ಕಪ್ಪಾಗಿದ್ದ ಪುಟ್ಟ ಬೊಟ್ಟು. ಚಾಪೆಯ ಮೇಲೆ ಯಾರೋ ಕಿಸಕ್ಕೆಂದರು. ಅವನು ಕರವಸ್ತ್ರ ತೆಗೆದ, ತಾಯಿಯ ಮುಖ ನೋಡಿದ, ಮತ್ತೆ ಜೇಬಿಗೆ ಸೇರಿಸಿದ.

ಆಮೇಲೆ ಕೀಲಿಮಣೆಯ ಮುಂದೆ ಕೂತು, ಉತ್ತರ ಒಂದು ಸಾಲು ಕೆಳಗೆ ಬರುವಂತೆ ಪ್ರೋಗ್ರಾಮನ್ನು ತಿದ್ದಿದ.